ಪ್ಲಗ್ ವೈರ್‌ಗಳ ರೋಧ ಅಳೆದೆ: ಮೂರನೆಯದು ಮಿತಿಯೊಳಗೇ ಇದೆ, ಆದರೂ ಅನುಮಾನ

ನಾಲ್ಕು ಸಿಲಿಂಡರ್:
ಡಿಸ್ಟ್ರಿಬ್ಯೂಟರ್ (ಕಿಡಿಯ ವೋಲ್ಟೇಜನ್ನು ಸರದಿಯಂತೆ ಒಂದೊಂದು ಪ್ಲಗ್‌ಗೆ ಹಂಚುವ ಭಾಗ) ಇರುವ ಹಳೆಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಐಡಲ್‌ನಲ್ಲಿ ಇಂಜಿನ್ ಹದವಾಗಿ ಓಡುತ್ತದೆ. ಏರು ಹತ್ತುವಾಗ, ಅದರಲ್ಲೂ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಆಗಾಗ ಉರಿಯದೆ ಹೋಗುವುದು) ಶುರುವಾಗಿ ಗಾಡಿ ಎಳೆದೆಳೆದು ಹೋಗುತ್ತದೆ. ಪ್ಲಗ್‌ಗಳು ಹೊಸವು, ಗ್ಯಾಪ್ ಕೈಪಿಡಿಯಲ್ಲಿ ಹೇಳಿದಷ್ಟೇ ಇದೆ. ಉಳಿದದ್ದು ವೈರ್ ಎಂದುಕೊಂಡು ಮಲ್ಟಿಮೀಟರ್ ಹಿಡಿದು ಕುಳಿತೆ.

ಒಂದನೆಯ ವೈರ್ 8.1 ಕಿಲೋ ಓಮ್, ಎರಡನೆಯದು 7.0, ಮೂರನೆಯದು 14.6, ನಾಲ್ಕನೆಯದು 4.7. ಕೈಪಿಡಿಯಲ್ಲಿ ಪ್ರತಿ ವೈರ್‌ಗೆ ಗರಿಷ್ಠ 25 ಕಿಲೋ ಓಮ್ ಎಂದಿದೆ. ಹಾಗಾದರೆ ನಾಲ್ಕೂ ಸರಿ ಇದ್ದಂತಾಯಿತು. ಆದರೆ ಆ ಮೂರನೆಯದು ಮನಸ್ಸಿಗೆ ಸಮಾಧಾನ ಕೊಡುತ್ತಿಲ್ಲ. ತಿಳಿದವರು ಹೇಳಿ.

ಕೈಪಿಡಿ ಓದುಗ:
ಕಂಪನಿಯವರು 25 ಎಂದು ಬರೆದಿದ್ದಾರೆ ಎಂದರೆ ಅದಕ್ಕೊಂದು ಕಾರಣ ಇರುತ್ತದೆ. ಹಲವು ಜಪಾನಿ ಕಾರುಗಳ ಕೈಪಿಡಿಗಳಲ್ಲೂ ಇದೇ ಅಂಕಿ ಇದೆ. 14.6 ಅದರ ಹತ್ತಿರಕ್ಕೂ ಬರುವುದಿಲ್ಲ. ವೈರ್ ಬಿಡಿ, ಪೆಟ್ರೋಲ್ ಫಿಲ್ಟರ್ ನೋಡಿ. ಏರಿನಲ್ಲಿ ಇಂಧನ ಸಾಲದೆ ಹೋದರೂ ಗಾಡಿ ಹೀಗೆಯೇ ಎಳೆಯುತ್ತದೆ.

ಓಮ್ ಲೆಕ್ಕ:
ನಾಲ್ಕೂ ವೈರ್‌ಗಳ ಉದ್ದ ಎಷ್ಟೆಷ್ಟು? ಅದಿಲ್ಲದೆ ಈ ಅಂಕಿಗಳಿಗೆ ಅರ್ಥವಿಲ್ಲ.

ನಾಲ್ಕು ಸಿಲಿಂಡರ್:
ಈಗಷ್ಟೇ ಟೇಪ್ ಹಿಡಿದೆ. ಕ್ರಮವಾಗಿ 70, 60, 50, 40 ಸೆಂಟಿಮೀಟರ್.

ಓಮ್ ಲೆಕ್ಕ:
ಈಗ ಭಾಗಿಸಿ ನೋಡಿ. ಒಂದನೆಯದು ಮೀಟರಿಗೆ 11.6 ಕಿಲೋ ಓಮ್, ಎರಡನೆಯದು 11.7, ನಾಲ್ಕನೆಯದು 11.75. ಮೂರೂ ಒಂದೇ ಗಿರಣಿಯ ಹಿಟ್ಟು. ಮೂರನೆಯದು ಮಾತ್ರ 29.2. ಅದರ ಉದ್ದಕ್ಕೆ ಇರಬೇಕಾಗಿದ್ದುದು 5.8 ಕಿಲೋ ಓಮ್‌ನ ಆಸುಪಾಸು. ಇರುವುದು ಅದರ ಎರಡೂವರೆ ಪಟ್ಟು. ಒಂದೇ ಸೆಟ್ಟಿನ ವೈರ್‌ಗಳಲ್ಲಿ ಒಂದು ಹೀಗೆ ಗುಂಪು ಬಿಟ್ಟು ನಿಂತಿದ್ದರೆ ಅದರೊಳಗೆ ಏನೋ ಆಗಿದೆ ಎಂದೇ ಅರ್ಥ, ಕೈಪಿಡಿಯ ಮಿತಿ ಏನೇ ಇರಲಿ.

25 ಎನ್ನುವುದು ಎಲ್ಲ ಉದ್ದದ ವೈರ್‌ಗಳಿಗೂ ಸೇರಿಸಿ ಹಾಕಿದ ಕೊನೆಯ ಗೆರೆ. ಆ ಗೆರೆ ದಾಟಿದರೆ ಕೆಟ್ಟಿದೆ ಎನ್ನಬಹುದು. ದಾಟಿಲ್ಲ ಎಂದಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು. ಗಿಡ್ಡ ವೈರ್ ಪೂರ್ತಿ ಹಾಳಾಗುವ ದಾರಿಯಲ್ಲಿದ್ದರೂ ಆ ಗೆರೆಯ ಒಳಗೇ ಇರುತ್ತದೆ.

ಕೈಪಿಡಿ ಓದುಗ:
ಲೆಕ್ಕ ಒಪ್ಪಿದೆ. ಆದರೆ ನನ್ನ ಪ್ರಶ್ನೆ ಬೇರೆ. ಹತ್ತು ಸಾವಿರ ಓಮ್ ಹೆಚ್ಚು ಕಡಿಮೆಯಾದರೆ ಕಿಡಿಗೆ ಏನಾಗುತ್ತದೆ? ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ಇಪ್ಪತ್ತು ಸಾವಿರ ವೋಲ್ಟ್‌ಗಿಂತ ಹೆಚ್ಚು ಕೊಡಬಲ್ಲದು. ಅದರ ಮುಂದೆ ಇದು ಯಾವ ಲೆಕ್ಕ?

ಓಮ್ ಲೆಕ್ಕ:
ಒಳ್ಳೆಯ ಪ್ರಶ್ನೆ, ಉತ್ತರವೂ ಅರ್ಧ ನಿಮ್ಮ ಕಡೆಗೇ ಇದೆ. ಕಿಡಿ ಹಾರುವ ಮುಂಚೆ ವೈರ್‌ನಲ್ಲಿ ಕರೆಂಟ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕರೆಂಟ್ ಇಲ್ಲದ ಕಡೆ ರೋಧದಲ್ಲಿ ವೋಲ್ಟೇಜ್ ಕಳೆದುಹೋಗುವ ಪ್ರಶ್ನೆಯೂ ಇಲ್ಲ. ಹಾಗಾಗಿ ಪ್ಲಗ್‌ನ ತುದಿಗೆ ಪೂರ್ತಿ ವೋಲ್ಟೇಜ್ ತಲುಪುತ್ತದೆ. ಕಿಡಿ ಹತ್ತಿದ ಮೇಲೆ ಹರಿಯುವುದು ಕೆಲವು ಹತ್ತು ಮಿಲಿಆಂಪಿಯರ್. 50 ಮಿಲಿಆಂಪಿಯರ್ ಎಂದು ಇಟ್ಟುಕೊಂಡರೆ 5.8 ಕಿಲೋ ಓಮ್‌ನಲ್ಲಿ 290 ವೋಲ್ಟ್ ಬೀಳುತ್ತದೆ, 14.6ರಲ್ಲಿ 730 ವೋಲ್ಟ್. ಕಿಡಿ ಸ್ವಲ್ಪ ಸೊರಗುತ್ತದೆ, ಸ್ವಲ್ಪ ಬೇಗ ಆರುತ್ತದೆ. ಅಷ್ಟಕ್ಕೇ ಇಂಜಿನ್ ಮಿಸ್ಸಿಂಗ್ ಆಗಬೇಕಾಗಿಲ್ಲ.

ಆದ್ದರಿಂದ ನಾನು 14.6ಕ್ಕೆ ಹೆದರುವುದು ಆ ರೋಧದ ಕಾರಣಕ್ಕಾಗಿ ಅಲ್ಲ, ಅದು ಕೊಡುತ್ತಿರುವ ಸುಳಿವಿಗಾಗಿ. ಇಂಗಾಲದ ಕೋರ್ (ಒಳಗೆ ಕರೆಂಟ್ ಹರಿಯುವ ಎಳೆ) ಇರುವ ವೈರ್ ತನ್ನಷ್ಟಕ್ಕೆ ಒಂದೇ ಸಮನೆ ಎರಡೂವರೆ ಪಟ್ಟು ಏರುವುದಿಲ್ಲ. ಎಲ್ಲೋ ಒಂದು ಕಡೆ ಕೋರ್ ಬಿರುಕು ಬಿಟ್ಟಿದೆ, ಇಲ್ಲವೇ ತುದಿಯ ಲೋಹದ ಟರ್ಮಿನಲ್ ಕೋರ್‌ನ ಹಿಡಿತ ಕಳೆದುಕೊಂಡಿದೆ. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟ್‌ಗಳಲ್ಲಿ, ನಿಶ್ಚಲವಾಗಿ ಬಿದ್ದಿರುವ ತಣ್ಣಗಿನ ವೈರ್ ಅನ್ನು. ಇಂಜಿನ್ ಮೇಲೆ ಅದೇ ವೈರ್ ಬಿಸಿಯಲ್ಲಿ ನಡುಗುತ್ತಿರುತ್ತದೆ.

ತಂತಿಗಾರ:
ಅಳೆಯುವ ರೀತಿಯ ಬಗ್ಗೆ ನಾನೂ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ತಪ್ಪು ಅಂಕಿ ಬರುವುದು ಹೆಚ್ಚಾಗಿ ಇಲ್ಲಿಯೇ.

ಇಂಜಿನ್ ನಿಲ್ಲಿಸಿ ತಣ್ಣಗಾಗಲು ಬಿಡಿ. ಒಂದು ಸಲಕ್ಕೆ ಒಂದೇ ವೈರ್ ಬಿಚ್ಚಿ, ಅಳೆದು, ಮತ್ತೆ ಅದರ ಜಾಗಕ್ಕೇ ಹಾಕಿ, ಆಮೇಲೆ ಮುಂದಿನದು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ಎಲ್ಲಿಗೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಬಿಚ್ಚುವಾಗ ವೈರ್ ಹಿಡಿದು ಎಳೆಯಬೇಡಿ. ತುದಿಯ ರಬ್ಬರ್ ಟೋಪಿಯನ್ನು, ಅಂದರೆ ಬೂಟ್ ಅನ್ನು ಹಿಡಿದು, ಮೊದಲು ಅತ್ತಿತ್ತ ತಿರುಗಿಸಿ ಅದರ ಅಂಟು ಬಿಡಿಸಿ, ನಂತರ ನೇರವಾಗಿ ಎಳೆಯಿರಿ. ಇಂಗಾಲದ ಕೋರ್ ಒಳಗೆ ಇರುವುದು ಇಂಗಾಲ ಹಚ್ಚಿದ ನಾರಿನ ಎಳೆ. ಅದು ತಾಮ್ರದ ಹಾಗೆ ಎಳೆತ ತಡೆಯುವುದಿಲ್ಲ. ಎಷ್ಟೋ ವೈರ್‌ಗಳು ಇಂಜಿನ್ ಮೇಲೆ ಇದ್ದಷ್ಟು ದಿನ ಸರಿಯಾಗಿದ್ದು, ಪ್ಲಗ್ ಬದಲಿಸಲು ಬಿಚ್ಚಿದ ದಿನ ಸಾಯುತ್ತವೆ.

ಮೀಟರ್‌ನ ಶ್ರೇಣಿ ಕೈಯಿಂದ ಆರಿಸುವಂಥದ್ದಾದರೆ 200 ಕಿಲೋ ಓಮ್‌ನಲ್ಲಿ ಇಡಿ. 20ರಲ್ಲಿ ಇಟ್ಟರೆ 22 ಕಿಲೋ ಓಮ್ ಇರುವ ವೈರ್ ಕೂಡ ಶ್ರೇಣಿ ಮೀರಿ, ತುಂಡಾದ ವೈರ್‌ನ ಹಾಗೆಯೇ ಪರದೆಯ ಎಡಕ್ಕೆ ಬರೀ ಒಂದನ್ನು ತೋರಿಸುತ್ತದೆ. ಹಾಗೆ ನೋಡಿ ಒಳ್ಳೆಯ ವೈರ್ ಎಸೆದವರಿದ್ದಾರೆ. ಪ್ರೋಬ್‌ಗಳು ಬೂಟ್‌ನ ಆಳದಲ್ಲಿರುವ ಲೋಹವನ್ನೇ ಮುಟ್ಟಬೇಕು. ಪ್ರೋಬ್ ಗಿಡ್ಡವಾದರೆ ಒಂದು ಸ್ಕ್ರೂ ಅಥವಾ ಮೊಳೆಯನ್ನು ಒಳಗೆ ತೂರಿಸಿ ಅದಕ್ಕೆ ಕ್ಲಿಪ್ ಹಾಕಬಹುದು. ಎರಡೂ ಕೈಬೆರಳುಗಳಿಂದ ಎರಡೂ ಲೋಹದ ತುದಿಗಳನ್ನು ಒತ್ತಿ ಹಿಡಿಯಬೇಡಿ. ಹಾಗೆ ಹಿಡಿದರೆ ನಿಮ್ಮ ದೇಹವೂ ವೈರ್‌ಗೆ ಸಮಾಂತರವಾಗಿ ಸೇರಿಕೊಳ್ಳುತ್ತದೆ. ಒಳ್ಳೆಯ ವೈರ್‌ನಲ್ಲಿ ಅದು ಗೊತ್ತೂ ಆಗುವುದಿಲ್ಲ. ಪೂರ್ತಿ ತುಂಡಾದ ವೈರ್‌ನಲ್ಲಿ ಮಾತ್ರ ಮೀಟರ್ ಕೆಲವು ನೂರು ಕಿಲೋ ಓಮ್ ತೋರಿಸಿ ಹಾದಿ ತಪ್ಪಿಸುತ್ತದೆ, ಏಕೆಂದರೆ ಅಳತೆಯಾಗಿರುವುದು ನಿಮ್ಮ ಚರ್ಮ.

ಇನ್ನು ಮುಖ್ಯವಾದದ್ದು: ಎರಡೂ ತುದಿಗೆ ಕ್ಲಿಪ್ ಹಾಕಿ, ಮೀಟರ್ ನೋಡುತ್ತಾ ವೈರ್ ಅನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ಬಾಗಿಸುತ್ತಾ ಬನ್ನಿ. ಬೂಟ್‌ಗಳ ಹತ್ತಿರ ಸ್ವಲ್ಪ ತಿರುಗಿಸಿ. ಸರಿಯಾದ ವೈರ್‌ನ ಅಂಕಿ ಹೆಚ್ಚು ಕದಲುವುದಿಲ್ಲ. ಮೂರನೆಯದಕ್ಕೆ ಇದನ್ನು ಮಾಡಿ ಹೇಳಿ. ಹಾಗೆಯೇ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ನಡುವಿನ ವೈರ್ ಅನ್ನೂ ಅಳೆಯಿರಿ, ಅದರ ಸುದ್ದಿಯೇ ಇಲ್ಲ ನಿಮ್ಮ ಪಟ್ಟಿಯಲ್ಲಿ. ಅದು ಕೆಟ್ಟರೆ ನಾಲ್ಕೂ ಸಿಲಿಂಡರ್‌ಗಳಿಗೆ ತೊಂದರೆ.

ನಾಲ್ಕು ಸಿಲಿಂಡರ್:
ತುಂಬ ಉಪಕಾರವಾಯಿತು. ನಡುವಿನ ವೈರ್ 35 ಸೆಂಟಿಮೀಟರ್, 4.1 ಕಿಲೋ ಓಮ್. ಅದು ಗುಂಪಿನಲ್ಲೇ ಇದೆ.

ಮೂರನೆಯದನ್ನು ಬಾಗಿಸಿದೆ. ಡಿಸ್ಟ್ರಿಬ್ಯೂಟರ್ ಕಡೆಯಿಂದ ಮುಕ್ಕಾಲು ಭಾಗದವರೆಗೆ ಅಂಕಿ 14 ಮತ್ತು 15ರ ನಡುವೆಯೇ ಇತ್ತು. ಪ್ಲಗ್ ಕಡೆಯ ಬೂಟ್‌ಗೆ ಎರಡು ಬೆರಳಿನಷ್ಟು ದೂರದಲ್ಲಿ ಬಾಗಿಸಿದಾಗ 40ಕ್ಕೆ ಹಾರಿತು, ಇನ್ನೂ ಸ್ವಲ್ಪ ಬಾಗಿಸಿದರೆ ಮೀಟರ್ ಅನಂತ ತೋರಿಸಿತು, ಬಿಟ್ಟರೆ ಮತ್ತೆ 15ಕ್ಕೆ ಬಂತು. ಬೂಟ್ ಅನ್ನು ಹಿಂದಕ್ಕೆ ಮಡಚಿ ನೋಡಿದೆ. ಟರ್ಮಿನಲ್ ಕೋರ್ ಅನ್ನು ಕಚ್ಚಿರುವ ಜಾಗದಲ್ಲಿ ಬೂದಿ ಬಣ್ಣದ ಪುಡಿ, ಸುತ್ತಲಿನ ರಬ್ಬರ್ ಒಳಮೈಯಲ್ಲಿ ಸುಟ್ಟು ಗಟ್ಟಿಯಾದ ಒಂದು ಕಪ್ಪು ಉಂಗುರ. ಹೊರಗಿನಿಂದ ನೋಡಿದರೆ ಈ ವೈರ್ ನಾಲ್ಕರಲ್ಲೇ ಹೊಸದರಂತೆ ಕಾಣುತ್ತದೆ.

ಒಂದು ಮಾತ್ರ ಅರ್ಥವಾಗಲಿಲ್ಲ. ಇಷ್ಟು ಕೆಟ್ಟಿದ್ದೂ ಐಡಲ್‌ನಲ್ಲಿ ಏಕೆ ಸರಿಯಾಗಿ ಓಡುತ್ತದೆ?

ಓಮ್ ಲೆಕ್ಕ:
ಆ ಬಿರುಕನ್ನೂ ಕಿಡಿ ಹಾರಿಯೇ ದಾಟುತ್ತದೆ. ಬಯಲು ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರ ಜಿಗಿಯಲು ಸುಮಾರು 3,000 ವೋಲ್ಟ್ ಸಾಕು. ಐಡಲ್‌ನಲ್ಲಿ ಪ್ಲಗ್ ಕೇಳುವುದು ಕಡಿಮೆ ವೋಲ್ಟೇಜ್, ಕಾಯಿಲ್‌ನ ಬಳಿ ಧಾರಾಳ ಉಳಿದಿರುತ್ತದೆ, ಹಾಗಾಗಿ ಬಿರುಕಿನ ಸುಂಕ ಕಟ್ಟಿಯೂ ಕೆಲಸ ನಡೆಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಹೆಚ್ಚು ಗಾಳಿ ಮತ್ತು ಇಂಧನ ಸೇರಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಅದೇ ಗ್ಯಾಪ್ ಅನ್ನು ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕು. ಅಂತರ ಮತ್ತು ಒತ್ತಡದ ಈ ಸಂಬಂಧವನ್ನು ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿದ್ದರು. ಹಾಗಾಗಿ ನಿಮ್ಮ ಗಾಡಿ ಏರಿನಲ್ಲಿ ಮಾತ್ರ ತಕರಾರು ತೆಗೆಯುತ್ತದೆ. ವೈರ್ ದೋಷ ಇರುವ ಗಾಡಿಗಳನ್ನು ನಿಂತಲ್ಲೇ ಓಡಿಸಿ ಸರಿಯಾಗಿದೆ ಎಂದು ಹಿಂದಿರುಗಿಸುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಅಲ್ಲಿ ಕಿಡಿ ಹಾರಿದ ಪ್ರತಿ ಸಲವೂ ಕೋರ್ ಇನ್ನಷ್ಟು ಸುಡುತ್ತದೆ, ಅಂತರ ಇನ್ನಷ್ಟು ಅಗಲವಾಗುತ್ತದೆ. ನೀವು ನೋಡಿದ ಬೂದಿ ಪುಡಿ ಅದೇ. ಅಂತರ ಹೆಚ್ಚಿದಂತೆ ಕಾಯಿಲ್ ತನ್ನ ಗರಿಷ್ಠ ವೋಲ್ಟೇಜ್‌ವರೆಗೆ ಏರಬೇಕಾಗುತ್ತದೆ, ಆಗ ಪೆಟ್ಟು ಬೀಳುವುದು ಕಾಯಿಲ್‌ನ ಒಳಗಿನ ಇನ್ಸುಲೇಷನ್‌ಗೆ ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗೆ. ಕ್ಯಾಪ್ ತೆಗೆದು ಒಳಮೈ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳು, ಅಂದರೆ ಕಿಡಿ ಹರಿದ ಗುರುತುಗಳು ಇವೆಯೇ ನೋಡಿ.

ಹೊಸ ಸದಸ್ಯ:
ಬಹಳ ಕಲಿಯುತ್ತಿದ್ದೇನೆ. ಒಂದು ಸಂದೇಹ. ರೋಧ ಇಷ್ಟೆಲ್ಲ ತಲೆನೋವಾದರೆ ಶುದ್ಧ ತಾಮ್ರದ ವೈರ್ ಹಾಕಿಬಿಟ್ಟರೆ ಆಗದೇ? ರೋಧ ಹೆಚ್ಚುಕಡಿಮೆ ಸೊನ್ನೆ, ಕಿಡಿಯೂ ಬಲವಾಗಿರುತ್ತದೆ.

ತಂತಿಗಾರ:
ರೋಧವನ್ನು ಬೇಕೆಂದೇ ಇಟ್ಟಿದ್ದಾರೆ. ಕಿಡಿ ಎಂದರೆ ರೇಡಿಯೊ ಅಲೆಗಳ ತವರು. 1887ರಲ್ಲಿ ಜರ್ಮನ್ ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್ ಆ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿದ್ದೇ ಕಿಡಿಯ ಅಂತರವೊಂದರಿಂದ. ಬರೀ ತಾಮ್ರದ ವೈರ್, ರೋಧವಿಲ್ಲದ ಪ್ಲಗ್ ಜೊತೆಗೂಡಿದರೆ ನಿಮ್ಮ ಇಂಜಿನ್ ಒಂದು ಪುಟ್ಟ ಪ್ರಸಾರ ಕೇಂದ್ರ. ರೇಡಿಯೊದಲ್ಲಿ ಇಂಜಿನ್ ವೇಗಕ್ಕೆ ತಕ್ಕ ಗರಗರ ಸದ್ದು ಬರುವುದು ಅದರಿಂದ. ಇಂದಿನ ಇಂಜಿನ್‌ಗಳಲ್ಲಿ ರೇಡಿಯೊಗಿಂತ ದೊಡ್ಡ ಚಿಂತೆ ಎಂದರೆ ಇಂಜಿನ್ ನಿಯಂತ್ರಣ ಕಂಪ್ಯೂಟರ್ ಮತ್ತು ಸೆನ್ಸರ್‌ಗಳು. ಅವುಗಳ ಸಣ್ಣ ಸಂಕೇತಗಳು ಈ ಗದ್ದಲದಲ್ಲಿ ಕೆಡುತ್ತವೆ.

ಇನ್ನೊಂದು ಬಗೆಯ ವೈರ್ ಇದೆ: ಕೋರ್ ಸುತ್ತ ಕೂದಲಿನಂಥ ಲೋಹದ ತಂತಿಯನ್ನು ಒತ್ತಾಗಿ ಸುತ್ತಿರುತ್ತಾರೆ. ಅದರಲ್ಲಿ ರೋಧ ಕಡಿಮೆ, ಮೀಟರಿಗೆ ಕೆಲವು ನೂರು ಓಮ್‌ನಿಂದ ಕೆಲವು ಸಾವಿರ ಓಮ್‌ವರೆಗೆ. ಗದ್ದಲ ತಡೆಯುವ ಕೆಲಸವನ್ನು ಸುರುಳಿಯ ಇಂಡಕ್ಟೆನ್ಸ್, ಅಂದರೆ ಕರೆಂಟ್‌ನ ದಿಢೀರ್ ಏರಿಳಿತವನ್ನು ತಡೆಯುವ ಗುಣ, ಮಾಡುತ್ತದೆ. ಇಂಗಾಲದ ಕೋರ್‌ನಲ್ಲಿ ಮೀಟರಿಗೆ 10 ಕಿಲೋ ಓಮ್‌ನಿಂದ 40 ಕಿಲೋ ಓಮ್‌ವರೆಗೂ ಸಹಜ. ಯೂರೋಪಿನ ಹಲವು ಕಾರುಗಳಲ್ಲಿ ವೈರ್ ತಾಮ್ರದ್ದೇ, ರೋಧ ಕೂತಿರುವುದು ತುದಿಯ ಕನೆಕ್ಟರ್‌ನಲ್ಲಿ. ಅಂಥದ್ದರಲ್ಲಿ ಉದ್ದದಿಂದ ಭಾಗಿಸುವ ಲೆಕ್ಕ ನಡೆಯುವುದಿಲ್ಲ. ಎಲ್ಲ ವೈರ್‌ಗಳೂ ಉದ್ದ ಎಷ್ಟೇ ಇರಲಿ ಹತ್ತಿರ ಹತ್ತಿರ ಒಂದೇ ಅಂಕಿ ಕೊಡಬೇಕು. ನಿಮ್ಮದು ಯಾವ ಬಗೆ ಎಂದು ಮೊದಲು ತಿಳಿದು ಆಮೇಲೆ ಮೀಟರ್ ಹಿಡಿಯಿರಿ. ವೈರ್‌ನ ದಪ್ಪ, ಏಳು ಅಥವಾ ಎಂಟು ಮಿಲಿಮೀಟರ್, ಹೊರಗಿನ ಇನ್ಸುಲೇಷನ್‌ನ ಮಾತು. ರೋಧಕ್ಕೂ ಅದಕ್ಕೂ ಸಂಬಂಧವಿಲ್ಲ.

ದ್ವಿಚಕ್ರಿ:
ಬೈಕ್‌ಗಳಲ್ಲೂ ಹೆಚ್ಚಾಗಿ ಹೀಗೆಯೇ. ವೈರ್ ತಾಮ್ರದ್ದು, ರೋಧ ಇರುವುದು ಪ್ಲಗ್ ಕ್ಯಾಪ್ ಒಳಗೆ, ಸಾಮಾನ್ಯವಾಗಿ 5 ಕಿಲೋ ಓಮ್. ಕ್ಯಾಪ್ ಅನ್ನು ವೈರ್‌ನಿಂದ ತಿರುಗಿಸಿ ಬಿಚ್ಚಿ, ಅದನ್ನು ಬೇರೆಯಾಗಿ ಅಳೆಯಿರಿ. ವೈರ್‌ನ ಕೊನೆ ಹಸಿರುಗಟ್ಟಿದ್ದರೆ, ಉದ್ದ ಸಾಕಷ್ಟಿದ್ದರೆ, ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ತಿರುಗಿಸಿ ಕೂರಿಸಬಹುದು. ಪ್ಲಗ್‌ನ ಸಂಖ್ಯೆಯನ್ನೂ ನೋಡಿ. ಎನ್‌ಜಿಕೆ ಪ್ಲಗ್‌ಗಳ ಸಂಖ್ಯೆಯಲ್ಲಿ ಆರ್ ಅಕ್ಷರ ಇದ್ದರೆ ಪ್ಲಗ್ ಒಳಗೇ ರೋಧ ಇದೆ ಎಂದರ್ಥ, ಅದೂ ಸುಮಾರು 5 ಕಿಲೋ ಓಮ್.

ಕೈಪಿಡಿ ಓದುಗ:
ನನ್ನ ಮೊದಲ ಮಾತನ್ನು ತಿದ್ದಿಕೊಳ್ಳುತ್ತೇನೆ, ವೈರ್ ಅನ್ನು ಬಿಡಿ ಎಂದಿದ್ದೆ. ಆದರೂ ಕೇಳುತ್ತೇನೆ: ಉಳಿದ ಮೂರು ವೈರ್‌ಗಳು ಅಂಕಿಯಲ್ಲಿ ಸರಿ ಇವೆ. ಒಂದನ್ನು ಮಾತ್ರ ಬದಲಿಸಿದರೆ ಸಾಲದೇ?

ತಂತಿಗಾರ:
ಓಮ್ ಮೀಟರ್ ನೋಡುವುದು ಕೋರ್ ಅನ್ನು ಮಾತ್ರ. ಕೋರ್ ಸುತ್ತ ಇರುವ ಇನ್ಸುಲೇಷನ್ ಬಿರಿದಿದೆಯೇ ಎಂಬುದನ್ನು ಅದು ಎಂದೂ ಹೇಳಲಾರದು. ಒಂಬತ್ತು ವೋಲ್ಟ್ ಬ್ಯಾಟರಿಯ ಉಪಕರಣಕ್ಕೆ, ಹತ್ತಾರು ಸಾವಿರ ವೋಲ್ಟ್ ಎಲ್ಲಿ ಸೋರುತ್ತದೆ ಎಂದು ಹೇಗೆ ತಿಳಿಯಬೇಕು? ಅದಕ್ಕೆ ಕತ್ತಲೆ ಬೇಕು.

ರಾತ್ರಿ, ಬಯಲಿನಲ್ಲಿ, ದೀಪ ಆರಿಸಿ ಇಂಜಿನ್ ಓಡಿಸಿ, ಬಾನೆಟ್ ತೆರೆದು ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಲ್ಲಿ. ಮುಚ್ಚಿದ ಶೆಡ್‌ನಲ್ಲಿ ಇದನ್ನು ಮಾಡಬೇಡಿ, ಹೊಗೆ ಕೊಲ್ಲುತ್ತದೆ. ವೈರ್ ಉದ್ದಕ್ಕೆ ನೀಲಿ ಹೊಳಪೋ, ಪಕ್ಕದ ಲೋಹಕ್ಕೆ ಜಿಗಿಯುವ ಕಿಡಿಯೋ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಸ್ಪ್ರೇ ಬಾಟಲಿಯಿಂದ ನೀರನ್ನು ಮಂಜಿನಂತೆ ವೈರ್‌ಗಳ ಮೇಲೆ ಸಿಂಪಡಿಸಿ. ಆಲ್ಟರ್ನೇಟರ್ ಕಡೆಗೆ ಬೇಡ. ಸೋರಿಕೆ ಇದ್ದರೆ ಇಂಜಿನ್ ತಕ್ಷಣ ತೊದಲುತ್ತದೆ. ಕೈ, ಸಡಿಲ ಬಟ್ಟೆ ಫ್ಯಾನ್‌ನಿಂದ ದೂರ ಇರಲಿ, ಓಡುತ್ತಿರುವಾಗ ವೈರ್ ಮುಟ್ಟಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯ ಹತ್ತಿರ ನಿಲ್ಲಲೇ ಬಾರದು. ಓಡುತ್ತಿರುವ ಇಂಜಿನ್‌ನ ವೈರ್ ಕಿತ್ತು ನೋಡುವ ಹಳೆಯ ಅಭ್ಯಾಸವನ್ನೂ ಬಿಡಿ. ಕಿಡಿಗೆ ದಾರಿಯಿಲ್ಲದೆ ಕಾಯಿಲ್ ಮತ್ತು ಇಗ್ನಿಷನ್ ಮಾಡ್ಯೂಲ್ ಸುಡಬಹುದು, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಕೆಡಿಸುತ್ತದೆ.

ನಾಲ್ಕು ಸಿಲಿಂಡರ್:
ನಿನ್ನೆ ರಾತ್ರಿ ಮಾಡಿದೆ. ಒಣಗಿದ್ದಾಗ ಏನೂ ಕಾಣಲಿಲ್ಲ. ನೀರು ಸಿಂಪಡಿಸಿದ ಕೂಡಲೇ ಎರಡನೆಯ ವೈರ್‌ನಿಂದ, ಅದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಶಾಖ ತಡೆಯುವ ತಗಡಿಗೆ ತಾಗಿಕೊಂಡಿರುವ ಕಡೆ, ಚಟ್ ಚಟ್ ಎಂದು ನೀಲಿ ಕಿಡಿ. ಇಂಜಿನ್ ಮಾತು ತೊದಲಿತು. 7.0 ಕಿಲೋ ಓಮ್, ಮೀಟರಿಗೆ 11.7, ಅಂಕಿಯಲ್ಲಿ ಅದರಷ್ಟು ಸಭ್ಯ ವೈರ್ ಇನ್ನೊಂದಿರಲಿಲ್ಲ. ಬೆಳಿಗ್ಗೆ ನೋಡಿದರೆ ತಗಡಿನ ಅಂಚು ಉಜ್ಜಿದ ಜಾಗದಲ್ಲಿ ಬಿಳಿಚಿದ ಸಣ್ಣ ಗಾಯ.

ಕ್ಯಾಪ್ ಒಳಗೆ ಕಪ್ಪು ಗೆರೆಗಳಿಲ್ಲ. ಪೂರ್ತಿ ಸೆಟ್ ಬದಲಿಸಲು ನಿರ್ಧರಿಸಿದ್ದೇನೆ.

ಓಮ್ ಲೆಕ್ಕ:
ಸರಿಯಾದ ನಿರ್ಧಾರ. ಹೊಸ ವೈರ್‌ಗಳನ್ನು ಹಾಕುವ ಮುಂಚೆಯೇ ಅಳೆದು, ಉದ್ದ ಮತ್ತು ಓಮ್ ಎರಡನ್ನೂ ಕೈಪಿಡಿಯ ಒಳಹಾಳೆಯಲ್ಲಿ ತಾರೀಖಿನೊಂದಿಗೆ ಬರೆದಿಡಿ. ಇನ್ನು ಮುಂದೆ ನಿಮಗೆ ಹೋಲಿಸಲು ಆ ವೈರ್‌ನದೇ ಹುಟ್ಟಿದ ದಿನದ ಅಂಕಿ ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಮಿತಿ ಯಾವ ಕೈಪಿಡಿಯಲ್ಲೂ ಇಲ್ಲ. ಹೊಸ ಸೆಟ್ಟಿನಲ್ಲೇ ಒಂದು ವೈರ್ ಗುಂಪು ಬಿಟ್ಟಿದ್ದರೆ ಹಾಕದೆ ಹಿಂದಿರುಗಿಸಿ.

ತಂತಿಗಾರ:
ಬೂಟ್‌ನ ಒಳ ಅಂಚಿಗೆ ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ತೇವ ಒಳಗೆ ಹೋಗುವುದಿಲ್ಲ, ಮುಂದಿನ ಸಲ ಎಳೆಯದೆ ಬಿಚ್ಚಿಕೊಳ್ಳುತ್ತದೆ. ಈ ಗ್ರೀಸ್ ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ಲೋಹದ ಮೇಲೆ ಮೆತ್ತಬೇಡಿ. ಟರ್ಮಿನಲ್ ಪ್ಲಗ್ ಮೇಲೆ ಕೂತಾಗ ಟಕ್ ಎಂದು ಕೈಗೆ ತಿಳಿಯಬೇಕು, ತಿಳಿಯದಿದ್ದರೆ ಕೂತಿಲ್ಲ. ವೈರ್ ಹಿಡಿಕೆಗಳನ್ನು ತಪ್ಪದೆ ಹಾಕಿ, ಆ ತಗಡಿನ ಅಂಚಿನಿಂದ ದೂರ ಇರಲಿ.

ನಾಲ್ಕು ಸಿಲಿಂಡರ್:
ಹೊಸ ಸೆಟ್ ಬಂತು. ಉದ್ದ ಅವೇ. 6.6, 5.7, 4.7, 3.8, ನಡುವಿನದು 3.3 ಕಿಲೋ ಓಮ್. ಐದೂ ಮೀಟರಿಗೆ 9.4ರಿಂದ 9.5ರ ಆಸುಪಾಸು. ಬಾಗಿಸಿದರೂ ಕದಲಲಿಲ್ಲ. ಹಾಕಿ ಏರಿಗೆ ತೆಗೆದುಕೊಂಡು ಹೋದೆ, ಮೇಲಿನ ಗೇರಿನಲ್ಲೇ ಒಂದೇ ಉಸಿರಿಗೆ ಹತ್ತಿತು. ನೀರು ಸಿಂಪಡಿಸಿಯೂ ನೋಡಿದೆ, ಕತ್ತಲೆ ಕತ್ತಲೆಯಾಗಿಯೇ ಇತ್ತು.

ಇನ್ನೊಂದು ಪ್ರಶ್ನೆ ಉಳಿದಿದೆ. ಮೂರು ಮತ್ತು ನಾಲ್ಕನೆಯ ವೈರ್‌ಗಳು ಹಿಡಿಕೆಯಲ್ಲಿ ಪಕ್ಕ ಪಕ್ಕದಲ್ಲೇ ಸಾಗುತ್ತವೆ. ಒಟ್ಟಿಗೆ ಕಟ್ಟಿದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಕಟ್ಟಬಹುದೇ?

ಓಮ್ ಲೆಕ್ಕ:
ಬೇಡ. ಉರಿಯುವ ಕ್ರಮ 1-3-4-2 ಆಗಿದ್ದರೆ ಮೂರರ ಬೆನ್ನಿಗೇ ನಾಲ್ಕು ಉರಿಯಬೇಕು. ಎರಡು ವೈರ್‌ಗಳೂ ಉದ್ದಕ್ಕೂ ಅಂಟಿಕೊಂಡು ಸಾಗಿದರೆ ಮೂರರ ಕಿಡಿ ನಾಲ್ಕರಲ್ಲೂ ಸ್ವಲ್ಪ ವೋಲ್ಟೇಜ್ ಪ್ರೇರಿಸಬಹುದು, ನಾಲ್ಕನೆಯ ಸಿಲಿಂಡರ್‌ನ ಪಿಸ್ಟನ್ ಆಗಿನ್ನೂ ಕೆಳಗೇ ಇದ್ದು, ಮೇಲೇರಲು ಶುರುಮಾಡುವ ಹೊತ್ತಿನಲ್ಲಿರುತ್ತದೆ. ಒಂದು ಬೆರಳಿನಷ್ಟಾದರೂ ಅಂತರ ಬಿಡಿ. ಎಲ್ಲಾದರೂ ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಿಸಿ.